ಕಟ್ಟುವ ಮೊದಲೇ ಕಾಣುವ ಕಟ್ಟಡ: ಆ ವಿಡಿಯೋದಲ್ಲಿ ಕ್ಯಾಮೆರಾ ಯಾರ ಕೈಲಿದೆ?

ಕಳೆದ ತಿಂಗಳು ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ವಿಡಿಯೋ ಕಳಿಸಿದಳು. "ಅಣ್ಣ, ನೀನು ಸಿವಿಲ್ ಓದಿದೋನಲ್ವಾ, ಇದೊಂದು ನೋಡಿ ಹೇಳು. ಭಾನುವಾರ ಬುಕ್ಕಿಂಗ್ ಅಮೌಂಟ್ ಕಟ್ಟಬೇಕು" ಅಂತ ಕೆಳಗೆ ಬರೆದಿದ್ದಳು.

ಒಂದೂವರೆ ನಿಮಿಷದ ವಿಡಿಯೋ. ಮೋಡದ ಮೇಲಿಂದ ಕ್ಯಾಮೆರಾ ಇಳಿದು ಬರುತ್ತೆ. ಸಂಜೆಯ ಹೊಂಬಿಸಿಲು, ನೀಲಿ ಈಜುಕೊಳ, ಹುಲ್ಲಿನ ಮೇಲೆ ಓಡುವ ಮಗು, ಬಾಲ್ಕನಿಯಲ್ಲಿ ಕಾಫಿ ಹಿಡಿದು ನಿಂತ ದಂಪತಿ. ಆ ಜಾಗದಲ್ಲಿ ಸದ್ಯಕ್ಕೆ ಇರುವುದು ಕೆಂಪು ಮಣ್ಣಿನ ದೊಡ್ಡ ಗುಂಡಿ, ಸುತ್ತ ತಗಡಿನ ಬೇಲಿ. ಅವಳು ಕಟ್ಟಬೇಕಿದ್ದ ದುಡ್ಡಿನಲ್ಲಿ ಅರ್ಧದಷ್ಟು ಚಿಕ್ಕಪ್ಪ ನಿವೃತ್ತರಾದಾಗ ಕೈಗೆ ಬಂದದ್ದು.

ನನಗೆ ನಗುವೂ ಬಂತು, ಸಂಕಟವೂ ಆಯ್ತು. ಯಾಕಂದ್ರೆ ಪತ್ರಿಕೋದ್ಯಮಕ್ಕೆ ಬರುವ ಮುಂಚೆ ಸುಮಾರು ಎರಡು ವರ್ಷ ಇಂಥ ವಿಡಿಯೋ ಮಾಡುವುದೇ ನನ್ನ ಕೆಲಸವಾಗಿತ್ತು. ಒಂದು ಪ್ರಾಜೆಕ್ಟ್‌ನಲ್ಲಿ ಸೈಟಿನ ಹಿಂದೆಯೇ ಹೈಟೆನ್ಷನ್ ಲೈನ್ ಹಾದುಹೋಗಿತ್ತು. ಸೈಟಿನ ಫೋಟೋ ನೋಡಿ ನಾನು ಆ ಟವರನ್ನೂ ಮಾಡೆಲ್‌ಗೆ ಸೇರಿಸಿದ್ದೆ. "ಅದನ್ನ ತೆಗೀರಿ, ಅದು ನಮ್ಮ ಜಾಗದಲ್ಲಿ ಬರಲ್ಲ" ಅಂದರು. ಮಾತು ಸರಿಯೇ, ಟವರ್ ಕಾಂಪೌಂಡಿನ ಆಚೆ ಇತ್ತು. ತೆಗೆದೆ. ಅಲ್ಲಿ ಒಂದು ಗುಲ್‌ಮೊಹರ್ ಮರ ಇಟ್ಟೆ. ಎರಡು ಕ್ಲಿಕ್ಕಿನ ಕೆಲಸ.

ಫ್ಲಾಟು ಮಾರುವವರಿಂದ ಹಿಡಿದು ಸರ್ಕಾರದವರೆಗೆ ಎಲ್ಲರೂ ಈಗ ಕಟ್ಟುವ ಮೊದಲು ತೋರಿಸುತ್ತಾರೆ. ಅದನ್ನು ನಂಬಿ ನಾವು ಉಳಿತಾಯ ಸುರಿಯುತ್ತೇವೆ, ಓಟು ಹಾಕುತ್ತೇವೆ. ಹಾಗಾಗಿ ಈ ಚಿತ್ರಗಳು ಹೇಗೆ ತಯಾರಾಗುತ್ತವೆ, ಎಲ್ಲಿ ನಿಜಕ್ಕೂ ಉಪಕಾರ, ಎಲ್ಲಿ ಕಣ್ಣಿಗೆ ಮಣ್ಣು, ಕಾನೂನು ಏನು ಹೇಳುತ್ತೆ, ಇಷ್ಟು ಒಂದೇ ಕಡೆ ಇರಲಿ ಅಂತ ಬರೆಯುತ್ತಿದ್ದೇನೆ.

ಇದು ತಯಾರಾಗೋದು ಹೇಗೆ?

ಮೊದಲು ಆರ್ಕಿಟೆಕ್ಟ್ ಕೊಟ್ಟ ನಕ್ಷೆಯಿಂದ ಕಂಪ್ಯೂಟರಿನಲ್ಲಿ ಕಟ್ಟಡದ ಮೂರು ಆಯಾಮದ ಮಾಡೆಲ್ ಮಾಡುತ್ತಾರೆ. ಗೋಡೆಗೆ ಬಣ್ಣ, ನೆಲಕ್ಕೆ ಟೈಲ್ಸ್, ಕಿಟಕಿಗೆ ಗಾಜಿನ ಗುಣ ಹಚ್ಚುತ್ತಾರೆ. ಸೂರ್ಯನನ್ನು ಬೇಕಾದ ಕಡೆ ಇಡುತ್ತಾರೆ. ಆಮೇಲೆ ಕ್ಯಾಮೆರಾ. ಬೆಳಕು ಎಲ್ಲಿ ಬಿದ್ದು ಹೇಗೆ ಚದುರುತ್ತೆ ಅಂತ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ತೆಗೆಯುವುದಕ್ಕೆ ರೆಂಡರಿಂಗ್ ಅಂತ ಹೆಸರು.

ಒಂದೇ ಚಿತ್ರವಾದರೆ ಅದು ಸ್ಟಿಲ್. ಬ್ರೋಷರ್‌ನಲ್ಲಿ, ಹೋರ್ಡಿಂಗ್‌ನಲ್ಲಿ ಕಾಣುವುದು ಇದೇ. ಕ್ಯಾಮೆರಾ ಚಲಿಸಿದರೆ ವಾಕ್‌ಥ್ರೂ ಆನಿಮೇಷನ್. ಸೆಕೆಂಡಿಗೆ 24 ಚಿತ್ರ ಅಂತ ಹಿಡಿದರೆ ಒಂದೂವರೆ ನಿಮಿಷಕ್ಕೆ 2,160 ಚಿತ್ರ ಬೇಕು. ಒಂದೊಂದು ಚಿತ್ರಕ್ಕೆ 10 ನಿಮಿಷ ಹಿಡಿದರೂ ಒಂದು ಕಂಪ್ಯೂಟರಿಗೆ 15 ದಿನ, ರಾತ್ರಿ ಹಗಲು. ಅದಕ್ಕೇ ಹತ್ತಾರು ಕಂಪ್ಯೂಟರಿಗೆ ಕೆಲಸ ಹಂಚುತ್ತಾರೆ. ಕ್ಯಾಮೆರಾ ಹೋಗದ ಜಾಗವನ್ನು ಯಾರೂ ಮಾಡೆಲ್ ಮಾಡೋದಿಲ್ಲ ಅನ್ನುವುದಕ್ಕೂ ಈ ಲೆಕ್ಕವೇ ಕಾರಣ. ನಾವೂ ಮಾಡುತ್ತಿರಲಿಲ್ಲ. ಎಷ್ಟೋ ಸಲ ಕಟ್ಟಡದ ಹಿಂಬದಿಯೇ ಇರುತ್ತಿರಲಿಲ್ಲ, ಸಿನಿಮಾ ಸೆಟ್ಟಿನ ಹಾಗೆ.

ವಿಆರ್ ಬೇರೆ ಕಥೆ. ಇಲ್ಲಿ ನೀವು ತಲೆ ಯಾವ ಕಡೆ ತಿರುಗಿಸುತ್ತೀರಿ ಅಂತ ಮೊದಲೇ ಗೊತ್ತಿರಲ್ಲ. ಆದ್ದರಿಂದ ಚಿತ್ರ ಆ ಕ್ಷಣದಲ್ಲೇ ತಯಾರಾಗಬೇಕು. ಎರಡು ಕಣ್ಣಿಗೆ ಎರಡು, ಅದೂ ಸೆಕೆಂಡಿಗೆ ಸುಮಾರು 90 ಸಲ. ಅಂದರೆ ಪ್ರತಿ ಸಲಕ್ಕೆ ಸಿಗುವ ಸಮಯ ಸೆಕೆಂಡಿನ ನೂರರಲ್ಲೊಂದು ಭಾಗದಷ್ಟು. ತಡವಾದರೆ ತಲೆ ಸುತ್ತು, ವಾಕರಿಕೆ. ಈ ವೇಗ ಬಂದದ್ದು ವಿಡಿಯೋ ಗೇಮ್ ತಂತ್ರಜ್ಞಾನದಿಂದ. ಅನ್‌ರಿಯಲ್, ಯೂನಿಟಿಯಂಥ ಗೇಮ್ ಎಂಜಿನ್‌ಗಳು, ಟ್ವಿನ್‌ಮೋಷನ್, ಎನ್‌ಸ್ಕೇಪ್‌ನಂಥ ಸಾಫ್ಟ್‌ವೇರ್‌ಗಳು ಇವತ್ತು ಆರ್ಕಿಟೆಕ್ಟ್ ಆಫೀಸುಗಳಲ್ಲಿ ಮಾಮೂಲಿ. ಕಲ್ಪನೆ ಮಾತ್ರ ಹಳೆಯದು. ಅಮೆರಿಕದ ಇವಾನ್ ಸದರ್‌ಲ್ಯಾಂಡ್ ತಲೆಗೆ ಹಾಕಿಕೊಳ್ಳುವ ಡಿಸ್‌ಪ್ಲೇ ತೋರಿಸಿದ್ದು 1968ರಲ್ಲಿ. ಜನಸಾಮಾನ್ಯರು ಕೊಳ್ಳಬಹುದಾದ ಆಕ್ಯುಲಸ್ ರಿಫ್ಟ್ ಮಾರುಕಟ್ಟೆಗೆ ಬಂದದ್ದು 2016ರಲ್ಲಿ.

ನಡುವೆ ಇನ್ನೊಂದಿದೆ, 360 ಡಿಗ್ರಿ ಚಿತ್ರ. ಹೆಡ್‌ಸೆಟ್ ಹಾಕಿಸಿ "ವಿಆರ್ ಟೂರ್" ಅಂತ ಎಷ್ಟೋ ಕಡೆ ತೋರಿಸೋದು ಇದನ್ನೇ. ಇದರಲ್ಲಿ ತಲೆ ತಿರುಗಿಸಬಹುದು, ಆದರೆ ಒಂದು ಹೆಜ್ಜೆ ಮುಂದೆ ಇಡೋಕಾಗಲ್ಲ. ಎಲ್ಲಿ ನಿಲ್ಲಬೇಕು ಅಂತ ಅವರೇ ತೀರ್ಮಾನಿಸಿರುತ್ತಾರೆ. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತೆ.

ಸುಣ್ಣದ ಗೆರೆ ಮತ್ತು ಅಮ್ಮನ ಅಡುಗೆಮನೆ

ಊರಲ್ಲಿ ನಮ್ಮ ಮನೆ ಕಟ್ಟಿಸುವಾಗ ಮೇಸ್ತ್ರಿ ದಾರ ಎಳೆದು, ನೆಲದ ಮೇಲೆ ಸುಣ್ಣದಲ್ಲಿ ಗೆರೆ ಹಾಕಿದ್ದರು. ಪ್ಲಾನ್ ಕಾಗದವನ್ನು ಹತ್ತು ಸಲ ನೋಡಿ "ಚೆನ್ನಾಗಿದೆ" ಅಂದಿದ್ದ ಅಮ್ಮ ಆ ಗೆರೆಯೊಳಗೆ ನಿಂತು, ಎರಡೂ ಕೈ ಚಾಚಿ, "ಇಷ್ಟೇನಾ ಅಡುಗೆಮನೆ?" ಅಂದರು. ಅವತ್ತೇ ಗೋಡೆ ಒಂದೂವರೆ ಅಡಿ ಆಚೆ ಹೋಯಿತು. ಖರ್ಚು ಒಂದು ಬೊಗಸೆ ಸುಣ್ಣ.

ವಿಆರ್‌ನ ನಿಜವಾದ ಶಕ್ತಿ ಇದು. ಕಾಗದದ ಮೇಲಿನ ಅಳತೆಯನ್ನು ಎಲ್ಲರಿಂದಲೂ ಓದೋಕಾಗಲ್ಲ. ಮೈಯಿಂದ ಅಳೆಯೋದು ಎಲ್ಲರಿಗೂ ಬರುತ್ತೆ.

ಇದಕ್ಕೆ ಹಳೆಯ ಉದಾಹರಣೆ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿದೆ. 1980ರ ದಶಕದಲ್ಲಿ ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕೆ ಸಿಟರ್‌ಸನ್ ಹಾಲ್ ಅನ್ನುವ ಹೊಸ ಕಟ್ಟಡ ಬರುವುದಿತ್ತು. ಪ್ರೊಫೆಸರ್ ಫ್ರೆಡ್ ಬ್ರೂಕ್ಸ್ ತಂಡ ಆ ಕಟ್ಟಡದ ಮಾಡೆಲ್ ಮಾಡಿ, ಕಟ್ಟುವ ಮೊದಲೇ ಅದರೊಳಗೆ ಓಡಾಡುವ ವ್ಯವಸ್ಥೆ ಮಾಡಿತು. ಲಾಬಿ ಹತ್ತಿರದ ಒಂದು ಅಡ್ಡಗೋಡೆಯಿಂದ ಜಾಗ ಇಕ್ಕಟ್ಟಾಗುತ್ತೆ ಅಂತ ಅಲ್ಲಿ ಮುಂದೆ ಕೆಲಸ ಮಾಡಬೇಕಿದ್ದವರಿಗೆ ಅನ್ನಿಸಿತು. ಆರ್ಕಿಟೆಕ್ಟ್‌ಗಳು ಮೊದಲು ಒಪ್ಪಲಿಲ್ಲ. ಮಾಡೆಲ್ ಒಳಗೆ ಓಡಾಡಿಸಿ ತೋರಿಸಿದ ಮೇಲೆ ಒಪ್ಪಿದರು, ಗೋಡೆ ಸರಿಯಿತು. ಆ ಕಟ್ಟಡದಲ್ಲಿ ದಿನಾ ಕೂರಬೇಕಾದವರೇ ಮಾಡೆಲ್ ನೋಡಿದರು, ಗೋಡೆ ಇನ್ನೂ ಕಾಗದದಲ್ಲಿ ಇದ್ದಾಗ ನೋಡಿದರು. ಅದಕ್ಕೇ ಅದು ಕೆಲಸಕ್ಕೆ ಬಂತು.

ಎಂಜಿನಿಯರುಗಳಿಗೂ ಇದು ದೊಡ್ಡ ಸಹಾಯ. ಬಿಮ್ ಅಂತ ಕರೆಯುವ ಪದ್ಧತಿಯಲ್ಲಿ ಕಂಬ, ತೊಲೆ, ನೀರಿನ ಪೈಪು, ವೈರಿಂಗ್, ಎಸಿ ಡಕ್ಟ್ ಎಲ್ಲವೂ ಒಂದೇ ಮಾಡೆಲ್‌ನಲ್ಲಿ ಇರುತ್ತವೆ. ಪೈಪು ತೊಲೆಗೆ ಡಿಕ್ಕಿ ಹೊಡೆಯುವುದು ಕಂಪ್ಯೂಟರಿನಲ್ಲೇ ಗೊತ್ತಾಗುತ್ತೆ. ಇಲ್ಲದಿದ್ದರೆ ಸ್ಲ್ಯಾಬ್ ಹಾಕಿದ ಮೇಲೆ ಡ್ರಿಲ್ ತಂದು ಕೊರೆಯಬೇಕು. ನಾಗಪುರ ಮೆಟ್ರೋ ಇದಕ್ಕೆ ಕಾಲಾವಧಿ ಮತ್ತು ವೆಚ್ಚವನ್ನೂ ಜೋಡಿಸಿ ಬಳಸಿತು. ಬ್ರಿಟನ್ ಸರ್ಕಾರ ಕೇಂದ್ರದ ದುಡ್ಡಿನಲ್ಲಿ ನಡೆಯುವ ಕಾಮಗಾರಿಗಳಿಗೆ 2016ರಿಂದ ಬಿಮ್ ಕಡ್ಡಾಯ ಮಾಡಿತು.

ಒಟ್ಟಿನಲ್ಲಿ ತಂತ್ರಜ್ಞಾನದ ಮೇಲೆ ನನಗೆ ತಕರಾರಿಲ್ಲ. ತಕರಾರು ಶುರುವಾಗೋದು ಅದೇ ಮಾಡೆಲ್ ಡ್ರಾಯಿಂಗ್ ಟೇಬಲ್‌ನಿಂದ ಮಾರ್ಕೆಟಿಂಗ್ ಟೇಬಲ್‌ಗೆ ಹೋದಾಗ.

ಕಣ್ಣಿಗೆ ಮಣ್ಣು ಬೀಳೋದು ಎಲ್ಲೆಲ್ಲಿ?

ಸುಳ್ಳು ಹೇಳಬೇಕಾಗಿಯೇ ಇಲ್ಲ, ಆಯ್ಕೆ ಮಾಡಿದರೆ ಸಾಕು.

ಲೆನ್ಸ್: ಮಾಮೂಲಿ 50 ಎಂಎಂ ಲೆನ್ಸ್ ಅಡ್ಡಕ್ಕೆ ಸುಮಾರು 40 ಡಿಗ್ರಿ ನೋಡುತ್ತೆ. 18 ಎಂಎಂ ಇಟ್ಟರೆ 90 ಡಿಗ್ರಿ. ಇಡೀ ಕೋಣೆ ಒಂದೇ ಫ್ರೇಮಿಗೆ ಬರುತ್ತೆ, ಎದುರಿನ ಗೋಡೆ ದೂರ ಸರಿಯುತ್ತೆ, ಹಾಲ್ ಫುಟ್‌ಬಾಲ್ ಮೈದಾನದಂತೆ ಕಾಣುತ್ತೆ. ಇನ್ನೂ ಹಿಂದೆ ಹೋಗಬೇಕಾದರೆ ಕ್ಯಾಮೆರಾವನ್ನು ಗೋಡೆಯ ಆಚೆ ಇಟ್ಟು ಆ ಗೋಡೆಯನ್ನೇ ಮಾಯ ಮಾಡಬಹುದು.

ಪೀಠೋಪಕರಣ: 10×10 ಅಡಿ ರೂಮಿಗೆ 5×6.5 ಅಡಿಯ ಮಂಚ ಹಾಕಿದರೆ ಕಾಲಿನ ಕಡೆ ಉಳಿಯೋದು ಮೂರೂವರೆ ಅಡಿ. ಅಲ್ಲಿ ಎರಡು ಅಡಿ ಆಳದ ವಾರ್ಡ್‌ರೋಬ್ ಇಟ್ಟರೆ ಒಂದೂವರೆ ಅಡಿ. ಬಾಗಿಲು ತೆಗೆಯೋಕೆ ಒದ್ದಾಡಬೇಕು. ಚಿತ್ರದಲ್ಲಿ ಒಂದೋ ವಾರ್ಡ್‌ರೋಬ್ ಇರಲ್ಲ, ಇಲ್ಲಾ ಮಂಚ ಚಿಕ್ಕದಾಗಿರುತ್ತೆ.

ಎತ್ತರ: ಡ್ರೋನ್ ಹಾರುವ ಎತ್ತರದಿಂದ ನೋಡಿದರೆ ಯಾವ ಊರೂ ಚೆಂದ. ನಮ್ಮ ಕಣ್ಣಿರೋದು ನೆಲದಿಂದ ಐದು ಅಡಿ ಮೇಲೆ.

ಸೂರ್ಯ: ರೆಂಡರ್‌ಗಳಲ್ಲಿ ಯಾವಾಗಲೂ ಸಂಜೆ ಐದೂವರೆ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ, ದಿಗಂತದಿಂದ ಸುಮಾರು 54 ಡಿಗ್ರಿ ಮೇಲಿರುತ್ತಾನೆ. ಆಗ 30 ಮೀಟರಿನ, ಅಂದರೆ ಹೆಚ್ಚುಕಡಿಮೆ ಹತ್ತು ಮಹಡಿಯ ಕಟ್ಟಡದ ನೆರಳು ಉತ್ತರಕ್ಕೆ 22 ಮೀಟರ್ ಚಾಚುತ್ತೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಆ 22 ಮೀಟರಿನೊಳಗೆ ಯಾರದೋ ಮನೆ, ಯಾರದೋ ಬಟ್ಟೆ ಒಣಹಾಕುವ ತಾರಸಿ ಇರುತ್ತೆ. ಸಾಫ್ಟ್‌ವೇರ್‌ನಲ್ಲಿ ದಿನಾಂಕ, ಗಂಟೆ ಹಾಕಿದರೆ ಈ ನೆರಳು ಒಂದೇ ನಿಮಿಷದಲ್ಲಿ ಕಾಣುತ್ತೆ. ಆದರೆ ಚಿತ್ರದಲ್ಲಿ ಆ ಮನೆ ಒಂದು ಬಿಳಿ ಡಬ್ಬ, ಇಲ್ಲವೇ ಅದೂ ಇಲ್ಲ.

ಮರ: ಚಿತ್ರದಲ್ಲಿ 30 ಅಡಿ ಎತ್ತರ, ಗೃಹಪ್ರವೇಶದ ದಿನ ಮೊಣಕಾಲುದ್ದದ ಸಸಿ.

ಜನ: ಇದು ನನ್ನನ್ನು ಹೆಚ್ಚು ಕಾಡುವ ವಿಷಯ. ರೆಂಡರ್‌ನಲ್ಲಿ ಹಾಕುವ ಜನ ರೆಡಿಮೇಡ್ ಸಿಗುತ್ತಾರೆ. ಲ್ಯಾಪ್‌ಟಾಪ್ ಬ್ಯಾಗಿನವರು, ಜಾಗಿಂಗ್ ಮಾಡುವವರು, ನಾಯಿ ಹಿಡಿದವರು. ಎರಡು ವರ್ಷದಲ್ಲಿ ನಾನು ಒಬ್ಬ ಸೊಪ್ಪು ಮಾರುವವಳನ್ನೂ ಹಾಕಲಿಲ್ಲ, ಒಬ್ಬ ಪೌರಕಾರ್ಮಿಕರನ್ನೂ ಹಾಕಲಿಲ್ಲ. ಹಾಕಬೇಕು ಅಂತ ನನಗೂ ಹೊಳೆಯಲಿಲ್ಲ, ಯಾರೂ ಕೇಳಲೂ ಇಲ್ಲ. ಫುಟ್‌ಪಾತಿನ ಚಿತ್ರದಲ್ಲಿ ತಳ್ಳುಗಾಡಿ ಇಲ್ಲದಿದ್ದರೆ ಮುಂದೆ ಫುಟ್‌ಪಾತಿನ ಅಳತೆಯಲ್ಲೂ ಅದಕ್ಕೆ ಜಾಗ ಸಿಗಲ್ಲ. ಬೀದಿ ವ್ಯಾಪಾರಿಗಳ ಹಕ್ಕಿಗಾಗಿ 2014ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ನಮ್ಮ ರೆಂಡರ್‌ಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಫ್ಲಾಟು ಕೊಳ್ಳುವವರಿಗೆ ಕಾನೂನು ಇದೆ

2016ರ ರೇರಾ ಕಾಯ್ದೆ ಈ ವಿಷಯದಲ್ಲಿ ನಾವಂದುಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ. ಅದರ 12ನೇ ಸೆಕ್ಷನ್ ಪ್ರಕಾರ ಜಾಹೀರಾತು, ಪ್ರಾಸ್ಪೆಕ್ಟಸ್ ಅಥವಾ ಮಾದರಿ ಮನೆಯಲ್ಲಿದ್ದ ಮಾಹಿತಿ ನಂಬಿ ದುಡ್ಡು ಕಟ್ಟಿ, ಅದರಲ್ಲಿದ್ದ ತಪ್ಪು ಅಥವಾ ಸುಳ್ಳು ಮಾಹಿತಿಯಿಂದ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಕೊಂಡವರು ಯೋಜನೆಯಿಂದ ಹೊರಬರುತ್ತೇವೆ ಅಂದರೆ ಕಟ್ಟಿದ ಪೂರ್ತಿ ಹಣ ಬಡ್ಡಿ ಮತ್ತು ಪರಿಹಾರದ ಜೊತೆ ವಾಪಸ್ ಬರಬೇಕು. ಜಾಹೀರಾತು ಅಂದರೆ ಪೇಪರಿನಲ್ಲಿ ಬರೋದು ಮಾತ್ರ ಅಲ್ಲ, ಯಾವುದೇ ಮಾಧ್ಯಮದ ಪ್ರಚಾರವೂ ಸೇರುತ್ತೆ ಅಂತ ಕಾಯ್ದೆಯ ವ್ಯಾಖ್ಯಾನವೇ ಹೇಳುತ್ತೆ. ವಾಟ್ಸಾಪ್‌ಗೆ ಬಂದ ವಿಡಿಯೋ ಇದರಿಂದ ಹೊರಗೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ವಿಡಿಯೋದ ಕೊನೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ "ಇದು ಕಲಾವಿದರ ಕಲ್ಪನೆ ಮಾತ್ರ" ಅಂತ ಬರುತ್ತಲ್ಲ, ಆ ಸಾಲು ಹಾಕಿಬಿಟ್ಟರೆ ಹೊಣೆ ತಪ್ಪುತ್ತೆ ಅಂತ 12ನೇ ಸೆಕ್ಷನ್‌ನಲ್ಲಿ ಎಲ್ಲೂ ಬರೆದಿಲ್ಲ. ಆದರೆ ದೂರು ಕೊಡುವಾಗ ನಿಮ್ಮ ಬಳಿ ಆ ವಿಡಿಯೋ, ಬ್ರೋಷರ್ ಇರಲೇಬೇಕು. ಆದ್ದರಿಂದ ಫೋನ್ ಸ್ಟೋರೇಜ್ ತುಂಬಿತು ಅಂತ ಅಳಿಸಬೇಡಿ. ಹೆಡ್‌ಸೆಟ್‌ನಲ್ಲಿ ತೋರಿಸಿದ್ದು ನಿಮ್ಮ ಕೈಗೆ ಬರೋದೇ ಇಲ್ಲ. ಅದನ್ನು ನೋಡಿ ಒಪ್ಪಿದ್ದರೆ ಯಾವ ಯಾವ ವಿಷಯ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಇನ್ನೂ ಕೆಲವು ಅಂಶ. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಫ್ಲಾಟು ಇದ್ದರೆ ನೋಂದಣಿಗೆ ಮುಂಚೆ ಜಾಹೀರಾತು ಕೊಡುವಂತೆಯೇ ಇಲ್ಲ. ಜಾಹೀರಾತಿನಲ್ಲಿ ರೇರಾ ನೋಂದಣಿ ಸಂಖ್ಯೆ ಎದ್ದು ಕಾಣಬೇಕು. ಮಂಜೂರಾದ ನಕ್ಷೆಯನ್ನು ಬುಕ್ಕಿಂಗ್ ವೇಳೆ ನೋಡಲು ಇಡಬೇಕು. ಸೇಲ್ ಅಗ್ರಿಮೆಂಟ್ ನೋಂದಣಿಯಾಗದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ.

ಸರ್ಕಾರದ ವಿಡಿಯೋಗೆ ಯಾರು ಹೊಣೆ?

ಫ್ಲಾಟಿನ ಚಿತ್ರ ಸುಳ್ಳಾದರೆ ದೂರು ಕೊಡಲು ಒಂದು ಜಾಗವಾದರೂ ಇದೆ. ಸರ್ಕಾರ ತೋರಿಸುವ ಚಿತ್ರಕ್ಕೆ ಅಂಥ 12ನೇ ಸೆಕ್ಷನ್ ಇಲ್ಲ.

ಪಕ್ಕದ ಆಂಧ್ರವನ್ನು ನೋಡಿ. 2015ರ ಅಕ್ಟೋಬರ್‌ನಲ್ಲಿ ಅಮರಾವತಿಗೆ ಶಂಕುಸ್ಥಾಪನೆ ಆಯಿತು. ಲಂಡನ್ನಿನ ಫಾಸ್ಟರ್ ಅಂಡ್ ಪಾರ್ಟ್‌ನರ್ಸ್ ವಿನ್ಯಾಸದ ಚಿತ್ರಗಳು ಬಂದವು. 2017ರಲ್ಲಿ ಚಂದ್ರಬಾಬು ನಾಯ್ಡು ಸರ್ಕಾರ 'ಬಾಹುಬಲಿ' ನಿರ್ದೇಶಕ ರಾಜಮೌಳಿ ಅವರ ಸಲಹೆಯನ್ನೂ ಕೇಳಿತು. ಅಷ್ಟು ಹೊತ್ತಿಗೆ ರೈತರು 30 ಸಾವಿರಕ್ಕೂ ಹೆಚ್ಚು ಎಕರೆ ಭೂಮಿ ಬಿಟ್ಟುಕೊಟ್ಟಾಗಿತ್ತು. 2019ರಲ್ಲಿ ಸರ್ಕಾರ ಬದಲಾಯಿತು, ಮೂರು ರಾಜಧಾನಿ ಮಾತು ಬಂತು, ಕಾಮಗಾರಿ ನಿಂತಿತು. 2024ರಲ್ಲಿ ನಾಯ್ಡು ಮತ್ತೆ ಗೆದ್ದ ಮೇಲೆಯೇ ಕೆಲಸ ಶುರುವಾದದ್ದು. ನಡುವಿನ ವರ್ಷಗಳಲ್ಲಿ ಭೂಮಿ ಕೊಟ್ಟವರು ಧರಣಿ ಕೂತಿದ್ದರು.

ಬೆಂಗಳೂರಿನಲ್ಲೂ ನೋಡಿದ್ದೇವೆ. 2023ರಲ್ಲಿ 250 ಮೀಟರ್ ಎತ್ತರದ ಸ್ಕೈಡೆಕ್ ಚಿತ್ರ ಹೊರಬಂದಾಗ ಅದನ್ನು ಎಲ್ಲಿ ಕಟ್ಟಬೇಕು ಅಂತಲೇ ತೀರ್ಮಾನವಾಗಿರಲಿಲ್ಲ, ಜಾಗ ಹುಡುಕಾಟ ನಡೆದಿತ್ತು. ಹೆಮ್ಮಿಗೆಪುರದಲ್ಲಿ ಸುಮಾರು 500 ಕೋಟಿ ರೂಪಾಯಿಯಲ್ಲಿ ಕಟ್ಟಲು ಸಂಪುಟ ಒಪ್ಪಿದ್ದು 2024ರ ಆಗಸ್ಟ್‌ನಲ್ಲಿ. ಜಾಗವೇ ಇಲ್ಲದ ಕಟ್ಟಡದ ಚಿತ್ರದಲ್ಲಿ ಅಕ್ಕಪಕ್ಕದವರು ಹೇಗೆ ಇರುತ್ತಾರೆ?

ಇದಕ್ಕೆ ಉತ್ತರ ಕೊಟ್ಟ ಉದಾಹರಣೆಯೂ ನಮ್ಮಲ್ಲೇ ಇದೆ. 2016ರ ಸ್ಟೀಲ್ ಫ್ಲೈಓವರ್: ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರ್, ಸುಮಾರು 1,791 ಕೋಟಿ ರೂಪಾಯಿ. 812 ಮರ ಹೋಗುತ್ತವೆ ಅಂತ ಬಿಡಿಎಯೇ ಹೇಳಿತ್ತು. ಜನ ಸೇತುವೆಯ ಅಂದ ನೋಡಲಿಲ್ಲ. ಮರ ಎಷ್ಟು, ದುಡ್ಡೆಷ್ಟು, ನಮ್ಮನ್ನು ಯಾಕೆ ಕೇಳಲಿಲ್ಲ ಅಂತ ಪ್ರಶ್ನೆ ಹಾಕಿದರು. ಅಕ್ಟೋಬರ್ 16ರಂದು ಸಾವಿರಾರು ಮಂದಿ ಅದೇ ರಸ್ತೆಯಲ್ಲಿ ಮಾನವ ಸರಪಳಿ ಮಾಡಿ "ಬೇಡ" ಅಂದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಅವತ್ತು ಜನ ಯೋಜನೆಯನ್ನು ನೋಡಿದ್ದು ಸೇತುವೆಯ ಕೆಳಗೆ, ನೆಲದ ಮೇಲೆ ನಿಂತು.

ಕಾನೂನಿನ ಎಳೆ ಪೂರ್ತಿ ಇಲ್ಲ ಅಂತಲೂ ಅಲ್ಲ. ಮಾಹಿತಿ ಹಕ್ಕು ಕಾಯ್ದೆಯ 4(1)(ಸಿ) ಪ್ರಕಾರ ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ರೂಪಿಸುವಾಗ, ತೀರ್ಮಾನ ಪ್ರಕಟಿಸುವಾಗ ಸರ್ಕಾರ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನೂ ಯಾರೂ ಕೇಳದೆಯೇ ಪ್ರಕಟಿಸಬೇಕು. ಆನಿಮೇಷನ್ ವಿಡಿಯೋ ಯೂಟ್ಯೂಬ್‌ಗೆ ಹಾಕಬಹುದಾದರೆ ಅದರ ಹಿಂದಿರುವ ಡಿಪಿಆರ್ ಮತ್ತು ಮಾಡೆಲ್ ಯಾಕೆ ಹಾಕಬಾರದು?

ಬೇರೆಯವರು ಏನು ಮಾಡಿದ್ದಾರೆ?

ಸ್ವಿಟ್ಜರ್ಲೆಂಡಿನಲ್ಲಿ ಕಟ್ಟಡಕ್ಕೆ ಅನುಮತಿ ಕೇಳುವಾಗ ಆ ಜಾಗದಲ್ಲಿ ಕಂಬ ನೆಟ್ಟು ಕಟ್ಟಡದ ಎತ್ತರ, ಅಗಲ ತೋರಿಸಬೇಕು. ಬೀದಿಯಲ್ಲಿ ಹೋಗುವ ಅಜ್ಜಿಗೂ ಗೊತ್ತಾಗುತ್ತೆ, ನಾಳೆ ತನ್ನ ಕಿಟಕಿಗೆ ಏನು ಅಡ್ಡ ಬರುತ್ತೆ ಅಂತ. ನಮ್ಮ ಮೇಸ್ತ್ರಿಯ ಸುಣ್ಣದ ಗೆರೆಯನ್ನೇ ಆಕಾಶಕ್ಕೆ ಎಳೆದ ಹಾಗೆ.

ಲಂಡನ್ ನಗರದ ಮುಖ್ಯ ನೋಟಗಳನ್ನು ಕಾಯುವ ನಿಯಮಾವಳಿಯಲ್ಲಿ ಚಿತ್ರಕ್ಕೇ ದರ್ಜೆ ಇದೆ. ಬರೀ ಜಾಗ ಮತ್ತು ಗಾತ್ರ ತೋರಿಸುವ ಸೊನ್ನೆಯಿಂದ ಕಟ್ಟಡದ ಸಾಮಗ್ರಿಯವರೆಗೆ ತೋರಿಸುವ ಮೂರರ ತನಕ. ಕ್ಯಾಮೆರಾ ಎಲ್ಲಿತ್ತು, ಯಾವ ಲೆನ್ಸ್, ಹೇಗೆ ಅಳೆದರು ಅನ್ನುವುದನ್ನೂ ಹೇಳಬೇಕು. ಚಿತ್ರವನ್ನು ಅಲ್ಲಿ ಸಾಕ್ಷ್ಯವಾಗಿ ನೋಡುತ್ತಾರೆ.

ಏನು ಕೇಳಬೇಕು?

ಮುಂದಿನ ಸಲ ಯಾವುದೇ ವಿಡಿಯೋ ಬಂದಾಗ, ಬಿಲ್ಡರ್‌ದಾಗಲಿ, ಮಂತ್ರಿಯದಾಗಲಿ, ಈ ಆರು ಪ್ರಶ್ನೆ ಹಾಕಿ:

1. ಇದು ಮಂಜೂರಾದ ನಕ್ಷೆಯಿಂದ ಮಾಡಿದ ಮಾಡೆಲ್ಲಾ, ಅಥವಾ ಅದಕ್ಕೂ ಮುಂಚಿನದಾ?
2. ನೆಲದಿಂದ ಐದು ಅಡಿ ಎತ್ತರದಲ್ಲಿ, ಮಾಮೂಲಿ ಲೆನ್ಸ್‌ನಲ್ಲಿ ಹೇಗೆ ಕಾಣುತ್ತೆ?
3. ಡಿಸೆಂಬರ್ 21ರ ಬೆಳಿಗ್ಗೆ 9ಕ್ಕೆ ಮತ್ತು ಸಂಜೆ 4ಕ್ಕೆ ನೆರಳು ಎಲ್ಲಿ ಬೀಳುತ್ತೆ?
4. ಕಾಂಪೌಂಡಿನ ಆಚೆ ನಿಜವಾಗಿ ಏನಿದೆ? ರಾಜಕಾಲುವೆ, ಹೈಟೆನ್ಷನ್ ಲೈನ್, ಯಾರದೋ ಮನೆ?
5. ಮರಗಳು ನೆಟ್ಟ ದಿನ ಎಷ್ಟೆತ್ತರ?
6. ಕ್ಯಾಮೆರಾ ನನ್ನ ಕೈಗೆ ಕೊಡ್ತೀರಾ?

ಕೊನೆಯದೇ ಮುಖ್ಯ. ಬೇಕಾದ ಕಡೆ ನಿಲ್ಲಲು, ಬೇಕಾದ ಬಾಗಿಲು ತೆರೆಯಲು ಬಿಟ್ಟರೆ ಅದು ಮಾಹಿತಿ. ಅವರು ತೋರಿಸಿದ್ದನ್ನಷ್ಟೇ ನೋಡಬೇಕಾದರೆ ಜಾಹೀರಾತು, ಹೆಡ್‌ಸೆಟ್ ಹಾಕಿಕೊಂಡು ನೋಡಿದರೂ ಅಷ್ಟೇ. ಸರ್ಕಾರದ ವಿಷಯಕ್ಕೆ ಬಂದರೆ ಇದು ಬೇಡಿಕೆಯಾಗಬೇಕು: ಸಾರ್ವಜನಿಕ ದುಡ್ಡಿನಲ್ಲಿ ಮಾಡಿಸಿದ ಮಾಡೆಲ್ ಸಾರ್ವಜನಿಕರಿಗೆ ತೆರೆದಿರಬೇಕು. ವಾರ್ಡ್ ಸಭೆಯಲ್ಲಿ, ಕನ್ನಡದಲ್ಲಿ, ತಳ್ಳುಗಾಡಿಯವರೂ ಆಟೋದವರೂ ಓಡಾಡಿ ನೋಡುವ ಹಾಗೆ, ಟೆಂಡರ್ ಕರೆಯುವ ಮೊದಲು.

ತಂಗಿಗೆ ಈ ಆರರಲ್ಲಿ ನಾಲ್ಕು ಪ್ರಶ್ನೆ ಬರೆದು ಕಳಿಸಿದೆ. ಭಾನುವಾರ ಅವಳು, ಚಿಕ್ಕಪ್ಪ ಇಬ್ಬರೂ ಸೇಲ್ಸ್ ಆಫೀಸಿಗೆ ಹೋದರು. ಹಿಂಬದಿ ತೋರಿಸಿ ಅಂದಾಗ "ಆ ಸೈಡ್ ಇನ್ನೂ ರೆಂಡರ್ ಆಗಿಲ್ಲ ಮೇಡಂ" ಅಂದರಂತೆ. ಚಿಕ್ಕಪ್ಪ ಮಾತಾಡದೆ ಹೊರಗೆ ಬಂದು, ತಗಡಿನ ಬೇಲಿ ಸುತ್ತಿಕೊಂಡು ಹಿಂದಕ್ಕೆ ನಡೆದೇ ಹೋದರು. ಅಲ್ಲಿ ರಾಜಕಾಲುವೆ ಇತ್ತು. ಎಷ್ಟು ಬಫರ್ ಬಿಟ್ಟಿದ್ದಾರೆ ಅಂತ ಮಂಜೂರಾತಿ ನಕ್ಷೆ ಕೇಳಿ ಬಂದಿದ್ದಾರೆ. ನಕ್ಷೆ ಇನ್ನೂ ಬಂದಿಲ್ಲ, ದುಡ್ಡೂ ಕಟ್ಟಿಲ್ಲ. ವಿಡಿಯೋ ಮಾತ್ರ ಅವಳ ಫೋನಿನಲ್ಲಿ ಭದ್ರವಾಗಿದೆ. ಅಳಿಸಬೇಡ ಅಂತ ಹೇಳಿದ್ದೇನೆ.